ಷಡ್ಡಕ ಬೇಡವೆಂದ ಅಪ್‌ಗ್ರೇಡ್

ಕಾಗವಾಡದ ನನ್ನ ಮಾವನ ಮನೆತನದಲ್ಲಿ ಮದುವೆಗೆ ಬಂದ ಹುಡುಗ ಹುಡುಗಿಯರ ಬಯೋಡಾಟಾ ಬರೆಯುವ ಕೆಲಸ ಆರೇಳು ವರ್ಷ ನನ್ನದಾಗಿತ್ತು. ಒಂದೇ ಹಾಳೆ, ಮುಂದೆ ಕನ್ನಡ, ಹಿಂದೆ ಮರಾಠಿ. ಅಥಣಿ, ರಾಯಬಾಗದ ಕಡೆಯವರು ಮುಂದಿನ ಬದಿ ಓದುತ್ತಿದ್ದರು. ಸಾಂಗಲಿ, ಮಿರಜದವರು ಹಾಳೆ ತಿರುವುತ್ತಿದ್ದರು. ಧಾರವಾಡದಲ್ಲಿ ಇತಿಹಾಸ ಓದಿ, ಯಾವ ದಾಖಲೆಯನ್ನೂ ಸುಮ್ಮನೆ ನಂಬಬೇಡಿರೆಂದು ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು ನಾನು. ಜಾತಕದಲ್ಲಿ ನಂಬಿಕೆ ಇರಲಿಲ್ಲ. ಆದರೂ ಮಾವ, "ಮಾಸ್ತರಿಗೆ ಫೋನ್ ಹಚ್ಚರಿ, ಅವರೇ ಬರೀಬೇಕು" ಎಂದರೆಂದು ಕೇಳಿದಾಗಲೆಲ್ಲ ನಾನು ಒಂದು ದಿನ ಹಿಗ್ಗಿನಲ್ಲಿರುತ್ತಿದ್ದೆ.

ಕಿರಿಯ ನಾದಿನಿಗೆ ಗಂಡು ನೋಡಲು ಶುರುಮಾಡಿದ ವರ್ಷ ಆ ಹಿಗ್ಗಿಗೆ ಪೆಟ್ಟು ಬಿತ್ತು. ಹೆಂಡತಿಯ ಅಕ್ಕನ ಗಂಡ, ಎಂದರೆ ನನ್ನ ಷಡ್ಡಕ, ರಾಯಬಾಗದ ಕಡೆ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದ. ಹೊಸ ಲ್ಯಾಪ್‌ಟಾಪ್ ಕೊಂಡಿದ್ದ. ಅದರಲ್ಲಿ ತನ್ನ ಗೆಳೆಯನ ತಂಗಿಯ ಬಯೋಡಾಟಾ ಮಾಡಿ, ಫೋನಿಗೆ ಕಳಿಸಿಕೊಂಡು, ಒಂದು ರವಿವಾರ ಮಾವನ ಮುಂದೆ ಹಿಡಿದ.

"ನೋಡ್ರಿ ಮಾಮಾ, ಫೋಟೋದ ಸುತ್ತ ಹೂವಿನ ಬಾರ್ಡರ್ ಹೆಂಗ ಕುಂತೈತಿ. ಇಲ್ಲಿ ಒತ್ತಿದ್ರ ಸಾಂಗಲ್ಯಾಗ ಹೋಗಿ ಬಿತ್ತು."

ಮಾವ ಕನ್ನಡಕ ಸರಿಮಾಡಿಕೊಂಡು ನೋಡಿ ನನ್ನ ಕಡೆ ತಿರುಗಿದರು. "ಮಾಸ್ತರ, ನಿಮ್ಮದು ಹಿಂಗ ಹೋಗೂದಿಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬಂತು: "ಹೋಗತೈತ್ರಿ, ಬಸ್ಸಿನ್ಯಾಗ."

ಎಲ್ಲರೂ ನಕ್ಕರು. ಆ ಮಾತು ಷಡ್ಡಕನದೆಂದು ನಾನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಮುಂದೊಮ್ಮೆ ಹೆಂಡತಿಯ ಎದುರು ಆಡಿದಾಗ ಅವಳು, "ಅಯ್ಯ, ಅದನ್ನ ಅಂದಾಕಿ ನಾನರಿ" ಎಂದಳು. ಇರಬಹುದು. ಆದರೆ ಇಂದಿಗೂ ಅದು ನನಗೆ ಅವನ ದನಿಯಲ್ಲೇ ಕೇಳಿಸುತ್ತದೆ.

ಮಾತೇನೋ ನಿಜ. ನನ್ನ ಲ್ಯಾಪ್‌ಟಾಪ್ ಮದುವೆಯಾದ ಮರುವರ್ಷ ಕೊಂಡದ್ದು. ಅದರಲ್ಲಿ ಕನ್ನಡಕ್ಕೊಂದು, ಮರಾಠಿಗೊಂದು ಹಳೆಯ ಟೈಪಿಂಗ್ ತಂತ್ರಾಂಶಗಳಿದ್ದವು. ಅವುಗಳಲ್ಲಿ ಬರೆದದ್ದನ್ನು ಬೇರೆಯವರ ಫೋನಿಗೆ ಕಳಿಸಿದರೆ ಅಕ್ಷರದ ಬದಲು ಕೊಕ್ಕೆಗಳೂ ಚೌಕಗಳೂ ಕಾಣುತ್ತಿದ್ದವು. ಹಾಗಾಗಿ ನಾನು ಪ್ರಿಂಟ್ ತೆಗೆದು, ಲಕೋಟೆಯಲ್ಲಿ ಹಾಕಿ, ಕಾಗವಾಡದ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆ.

ಅದೇ ತಿಂಗಳುಗಳಲ್ಲಿ ನನ್ನ ಪರದೆಯ ಮೂಲೆಯಲ್ಲಿ ದಿನಾ ಒಂದು ಸೂಚನೆ ಏಳುತ್ತಿತ್ತು: ಹೊಸ ಆಪರೇಟಿಂಗ್ ಸಿಸ್ಟಮ್ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿ. ಹಾಕಿಕೊಂಡರೆ ಎಲ್ಲ ಫೋನುಗಳಲ್ಲೂ ಓದಲು ಬರುವ ಕನ್ನಡ ಸಿಗುತ್ತಿತ್ತು. ಆದರೆ ನನ್ನ ಹಳೆಯ ತಂತ್ರಾಂಶಗಳು ಅದರಲ್ಲಿ ನಡೆಯುತ್ತವೋ ಇಲ್ಲವೋ. ನಾದಿನಿಯ ಬಯೋಡಾಟಾ ಮುಕ್ಕಾಲು ಪಾಲು ಅವುಗಳಲ್ಲೇ ಸಿದ್ಧವಾಗಿತ್ತು. ಎರಡು ವಾರ ಆ ಸೂಚನೆಯನ್ನು "ಆಮೇಲೆ" ಎಂದು ಮುಚ್ಚುತ್ತ ಬಂದೆ. ಕೊನೆಗೆ, ಬೇರೆ ಯಾವುದೋ ಮಾತಿನ ನಡುವೆ ಎಂಬಂತೆ, ಷಡ್ಡಕನನ್ನೇ ಕೇಳಿದೆ.

"ಬ್ಯಾಡ್ರಿ ಪಾವಣೇರ," ಎಂದ. "ನಿಮ್ಮ ಮಷೀನ್ ಹಳೇದೈತಿ. ಇದ್ದದ್ದೂ ಹೋದೀತು. ಬೇಕಾರ ನನ್ನದರಾಗ ಬರದ ಬಿಡೂಣು, ಅದರಾಗೇನೈತಿ?"

ಮೊದಲ ಮೂರು ಮಾತು ಸಲಹೆ. ಕೊನೆಯದು ನನ್ನ ಕುರ್ಚಿ ಹಿಡಿಯಲು ಹಾಕಿದ ಟವೆಲ್ಲಿನಂತಿತ್ತು. ನನ್ನನ್ನು ಹಿಂದೆ ಉಳಿಸಲೆಂದೇ ಬೇಡವೆನ್ನುತ್ತಾನೆ ಎಂದುಕೊಂಡೆ. ಮರುದಿನವೇ ಕಾಲೇಜಿನ ಇಂಟರ್‌ನೆಟ್ ಜೋಡಿಸಿ ಅಪ್‌ಗ್ರೇಡ್ ಮಾಡಿದೆ. ಎರಡು ಮಧ್ಯಾಹ್ನ ಹಿಡಿಯಿತು.

ಪರದೆ ಚೆಂದವಾಯಿತು. ಹಳೆಯ ತಂತ್ರಾಂಶ ಎರಡೂ ತೆರೆಯಲೇ ಇಲ್ಲ. ನಾದಿನಿಯ ಕಡತದಲ್ಲಿ, ಬೇರೆಯವರ ಫೋನಿನಲ್ಲಿ ಕಾಣುತ್ತಿದ್ದ ಅದೇ ಕೊಕ್ಕೆಗಳು. ಒಂದು ತಿಂಗಳೊಳಗೆ ಹಳೆಯ ವ್ಯವಸ್ಥೆಗೆ ಮರಳಬಹುದು, ಅದಕ್ಕೊಂದು ಗುಂಡಿ ಇದೆ ಎಂದು ನನಗೆ ಗೊತ್ತಿತ್ತು. ಒತ್ತಲಿಲ್ಲ. ಒತ್ತಿದರೆ ಅವನು ಹೇಳಿದ್ದು ಸರಿ ಎಂದಾಗುತ್ತಿತ್ತು. ಹೊಸ ಕನ್ನಡದ ಕೀಲಿಗಳು ನನ್ನ ಬೆರಳಿಗೆ ಒಗ್ಗಲಿಲ್ಲ. ಒಂದು ವಾರದಲ್ಲಿ ನಾಲ್ಕು ಸಾಲು ಮೂಡಿದವು.

ಅಷ್ಟರಲ್ಲಿ ಒಂದು ಶನಿವಾರ ಬೆಳಿಗ್ಗೆ ಮಾವನ ಫೋನು. ಜಯಸಿಂಗಪುರದ ಮಂದಿ ನಾಳೆ ಹೆಣ್ಣು ನೋಡಲು ಬರುತ್ತಾರೆ, ಬಯೋಡಾಟಾ ಇವತ್ತೇ ಬೇಕು. ನಾನು ತೊದಲಿದೆ. ಹೆಂಡತಿ ಪಕ್ಕದಿಂದ ಫೋನು ಕಸಿದುಕೊಂಡು, "ಅಪ್ಪಾ, ಇವರದು ಕೆಟ್ಟೈತಿ. ಅಕ್ಕನ ಮನ್ಯಾಗ ಮಾಡ್ತಾರ" ಎಂದಳು. ಮಧ್ಯಾಹ್ನ ಷಡ್ಡಕನೇ ಕರೆ ಮಾಡಿದ.

"ಪಾವಣೇರ, ಉಳದದ್ದೆಲ್ಲಾ ಆತು. ಬೀಗರ ಅಡ್ಡಹೆಸರಿನ ಸಾಲು ಒಂದ ಹೇಳ್ರಿ. ಅದು ನಿಮಗ ಬಿಟ್ರ ಯಾರಿಗೂ ಬರೂದಿಲ್ಲ."

ಅದು ಹೌದು. ನಮ್ಮ ಜೈನರ ಬಯೋಡಾಟಾದ ಕೊನೆಯಲ್ಲಿ ನೆಂಟರ ಅಡ್ಡಹೆಸರುಗಳು ಸಾಲಾಗಿ ಬರುತ್ತವೆ, ಮತ್ತು ಹುಡುಗಿಯ ಹಿರಿಯ ಸೋದರಮಾವನ ಹೆಸರು ಮೊದಲು ಬರಬೇಕು. ನಾನು ಒಂದೊಂದಾಗಿ ಹೇಳಿದೆ. ಅವನು ಬರೆದುಕೊಂಡ.

ಮರುದಿನ ಕಾಗವಾಡದ ಪಡಸಾಲೆಯಲ್ಲಿ ಬಂದವರೆಲ್ಲ ಹಾಳೆ ನೋಡಿ ತಲೆದೂಗಿದರು. ನಿಪ್ಪಾಣಿಯಿಂದ ಬಂದಿದ್ದ ಹಿರಿಯ ಸೋದರಮಾವ, ತಂಬಾಕಿನ ವ್ಯಾಪಾರಿ, ಹಾಳೆಯನ್ನು ದೂರ ಹಿಡಿದು ಓದಿದರು. ಜಯಸಿಂಗಪುರದವರು ಎದ್ದುಹೋಗುವವರೆಗೆ ಕಾದರು. ಆಮೇಲೆ ಕೇಳಿದರು:

"ನಾ ಮೂರನೇದಾಂವ ಯಾವಾಗ ಆದ್ನಿ?"

ಮಾವ ಷಡ್ಡಕನ ಮುಖ ನೋಡಿದರು. ನಾನು ನೆಲ ನೋಡಿದೆ.

"ತಪ್ಪಾತ್ರಿ," ಎಂದ ಷಡ್ಡಕ. "ಅವಸರದಾಗ ಬರದ್ನಿ." ನನ್ನ ಹೆಸರು ಎತ್ತಲಿಲ್ಲ. ಎದ್ದು ಹೋಗಿ ಹಿರಿಯರ ಕಾಲು ಮುಟ್ಟಿದ. ಅವರು ಬಿಗಿದ ಮುಖದಲ್ಲೇ ಅವನ ಬೆನ್ನು ತಟ್ಟಿದರು. ಆ ತಟ್ಟುವಿಕೆಯನ್ನು ಕಂಡು ನನಗೆ ಹಿಂದೆಂದೂ ಆಗದಷ್ಟು ಹೊಟ್ಟೆಕಿಚ್ಚಾಯಿತು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಅವನೇ ಮುಂದೆ ಹೋಗಿದ್ದ.

ಬಸ್ಸಿನಲ್ಲಿ ಹೆಂಡತಿ ಕೇಳಿದಳು, "ನೀವ ಹಂಗ ಹೇಳಿದ್ರ್ಯೋ, ಅವರ ಹಂಗ ಬರದ್ರೋ?"

"ನಾ ಸರಿಯಾಗೇ ಹೇಳೇನಿ."

ಅವಳು ಕಿಟಕಿಯ ಕಡೆ ತಿರುಗಿದಳು. ಮನೆಗೆ ಬಂದವನೇ ಲ್ಯಾಪ್‌ಟಾಪ್ ತೆಗೆದು, ಹಳೆಯದಕ್ಕೆ ಮರಳುವ ಗುಂಡಿ ಒತ್ತಿದೆ. ಒಂದೆರಡು ತಾಸಿನಲ್ಲಿ ಹಳೆಯ ಪರದೆ, ಹಳೆಯ ಅಕ್ಷರ ಬಂದವು. ನಾದಿನಿಯ ಕಡತ ತೆರೆದೆ. ಹಿರಿಯ ಸೋದರಮಾವನ ಅಡ್ಡಹೆಸರು ಸಾಲಿನ ಮೊದಲಿಗೇ ಇತ್ತು. ಸರಿಯಾದದ್ದು ನನಗೆ ಗೊತ್ತಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಫೋನಿನಲ್ಲಿ ಏನು ಹೇಳಿದೆ ಎನ್ನುವುದಕ್ಕಲ್ಲ.

"ಅವರಿಗೊಂದು ಫೋನ್ ಮಾಡಿ ಕೇಳ್ರಲಾ," ಎಂದಳು ಹೆಂಡತಿ.

ನಾಳೆ ಮಾಡುತ್ತೇನೆ ಎಂದೆ. ನಾದಿನಿಯ ಮಗ ಈಗ ಶಾಲೆಗೆ ಹೋಗುತ್ತಾನೆ. ನಾನಿನ್ನೂ ಕೇಳಿಲ್ಲ.