ಕರೆಯದೆ ಒಳಗೆ ಬರದವರು

ಅಕ್ಕನಿಗೆ ವಾರಕ್ಕೆ ಮೂರು ದಿನ ಕೋಲಾರದಲ್ಲಿ ಡಯಾಲಿಸಿಸ್. ಬೈರಕೂರಿನಿಂದ ಬೆಳಗಿನ ಬಸ್ಸಿಗೆ ಹೊರಟರೆ ವಾಪಸ್ ಬರುವ ಹೊತ್ತಿಗೆ ಅವಳ ಮುಖ ಸುಣ್ಣ ಬಳಿದಂತಿರುತ್ತಿತ್ತು. ನರಸಾಪುರದ ಫ್ಯಾಕ್ಟರಿಯಲ್ಲಿ ನನಗೆ ರಾತ್ರಿ ಪಾಳಿ ಇದ್ದ ವಾರಗಳಲ್ಲಿ ನಾನೇ ನಿದ್ದೆಗೆಟ್ಟು ಜೊತೆಗೆ ಹೋಗುತ್ತಿದ್ದೆ. ನಾಲ್ಕು ಗಂಟೆ ಹೊತ್ತು ಕಳೆಯಬೇಕಲ್ಲ, ಒಂದೊಂದು ಇಯರ್‌ಫೋನ್ ಕಿವಿಗಿಟ್ಟುಕೊಂಡು ನನ್ನ ಫೋನಿನಲ್ಲಿ ರಕ್ತಪಿಶಾಚಿ ಸಿನಿಮಾ ನೋಡುತ್ತಿದ್ದೆವು. ಎಲ್ಲ ತೆಲುಗಿಗೆ ಡಬ್ ಆದವು. ಬೇರೇನು ಹಾಕಿದರೂ ಅವಳಿಗೆ ಹಿಡಿಸುತ್ತಿರಲಿಲ್ಲ.

"ಥೂ, ಆಸ್ಪತ್ರೇಲೂ ಇದೇ ಬೇಕೇನಕ್ಕ ನಿಂಗೆ?" ಎಂದು ಬೈದರೆ, ರಕ್ತ ಹರಿಯುವ ಕೊಳವೆ ತೋರಿಸಿ, "ಅವ್ರು ಕುಡಿದ್ರೆ ವಾಪಸ್ ಕೊಡಲ್ಲ. ಈ ಮಿಷಿನ್ನು ತೊಳೆದಾದ್ರೂ ಕೊಡುತ್ತೆ ಕಣೇ," ಎನ್ನುತ್ತಿದ್ದಳು.

ಅವಳಿಗೆ ಇಷ್ಟವಾಗುತ್ತಿದ್ದದ್ದು ಕೋರೆಹಲ್ಲಲ್ಲ. ಸತ್ತವರು ಎದ್ದು ಬರುತ್ತಾರೆ, ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ, ಆದರೆ ಅಷ್ಟೆಲ್ಲ ಬಲವಿದ್ದರೂ ಮನೆಯವರು ‘ಬಾ’ ಅನ್ನದೆ ಹೊಸ್ತಿಲು ದಾಟುವಂತಿಲ್ಲ. ಆ ದೃಶ್ಯ ಬಂದಾಗಲೆಲ್ಲ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು.

"ನಾನು ಬಂದ್ರೆ ಕರೀತೀಯ ತಾನೇ?" ಎಂದು ಒಮ್ಮೆ ಕೇಳಿದಳು.

"ಸುಮ್ನಿರಕ್ಕ, ತಲೆ ತಿನ್ಬೇಡ," ಎಂದೆ. ನಾನು ಹಾಗೇ, ಭಯವಾದರೆ ಸಿಡುಕುತ್ತೇನೆ. ಹೂಂ ಅನ್ನಬೇಕಿತ್ತು. ಅನ್ನಲಿಲ್ಲ.

ಮಾವು ಹೂ ಬಿಡುವ ಕಾಲಕ್ಕೆ ಅಕ್ಕ ಹೋದಳು. ತಿಥಿ ಕಳೆದು, ಮೊದಲ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದರೆ ಬಾಗಿಲ ಮೇಲೆ ಸೀಮೆಸುಣ್ಣದ ಅಕ್ಷರ. ನಮ್ಮ ಕಡೆ ಇದು ಹೊಸದೇನಲ್ಲ. ಅಕಾಲದಲ್ಲಿ ಸತ್ತವರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾರೆ, ಓ ಅಂದವರನ್ನು ಕರೆದುಕೊಂಡು ಹೋಗುತ್ತಾರೆ ಎಂಬ ಭಯಕ್ಕೆ ‘ನಾಳೆ ಬಾ’ ಎಂದು ಬರೆದಿಡುತ್ತಾರೆ. ಬಂದದ್ದು ಓದಿಕೊಂಡು ಹಿಂದಿರುಗುತ್ತದೆ. ಮಾರನೆಯ ದಿನವೂ ಅದೇ ಬರಹ. ಆದರೆ ಅಮ್ಮ ಬರೆದದ್ದು ‘ನಾಳೆ ಬಾಮ್ಮ’ ಎಂದು.

ದೆವ್ವವನ್ನು ಯಾರೂ ಬಾಮ್ಮ ಅನ್ನುವುದಿಲ್ಲ. ಮಗಳನ್ನು ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಸ್ವಂತ ಮಗಳನ್ನೇ ಬಾಗಿಲಾಚೆ ನಿಲ್ಲಿಸ್ತೀಯೇನಮ್ಮ?" ಎಂದು ಕೂಗಾಡಿ, ಒದ್ದೆ ಬಟ್ಟೆ ತಂದು ಉಜ್ಜತೊಡಗಿದೆ.

"ಊರ್ಕೋವೇ," ಎಂದಳು ಅಮ್ಮ. ಸುಮ್ಮನಿರು ಅನ್ನಬೇಕಾದರೆ ಅವಳಿಗೆ ಬರುವುದು ತೆಲುಗೇ. ಆದರೆ ಕೈ ಹಿಡಿದು ತಡೆಯಲಿಲ್ಲ. "ಈಗಿರೋದು ನೀನೊಬ್ಳು. ಅವಳು ಕೂಗಿದ್ರೆ ಎದ್ದು ಓಡ್ತೀಯ ಅಂತ ನಂಗೊತ್ತು."

ನಾನು ಉಜ್ಜುವುದನ್ನು ನಿಲ್ಲಿಸಲಿಲ್ಲ. ಕೊನೆಯ ಅಕ್ಷರವನ್ನೂ ಅಳಿಸಿದೆ. ಅಮ್ಮ ಒಳಗಿನಿಂದ ತನ್ನ ಚಾಪೆ ತಂದು ಹೊಸ್ತಿಲಿಗೆ ಅಡ್ಡವಾಗಿ ಹಾಸಿದಳು.

"ಇವತ್ತಿಂದ ನಾನಿಲ್ಲೇ ಮಲಗ್ತೀನಿ. ಅವಳು ಕೂಗಿದ್ರೆ ನೀನು ಓ ಅನ್ಬೇಡ. ನಾನು ಅಂತೀನಿ."