ಅವ್ವನಿಗೆ ಬಿದ್ದ ಚಪ್ಪಾಳೆ

ಇಂದು ಮಗಳು ಬೇಯುತ್ತಿದ್ದ ಕುಂಬಳಕಾಯಿಗೆ ಚಕ್ಕೆಪುಡಿ ಉದುರಿಸಿದಳು. ಆ ವಾಸನೆಗೆ ಹಂಪಿಯ ಗೆಸ್ಟ್ ಹೌಸ್ ನೆನಪಾಯಿತು. ಅದಿರು ಲಾರಿಗಳ ದುಡ್ಡಿನಲ್ಲಿ ಸಾಹುಕಾರರು ಕಟ್ಟಿಸಿದ್ದು. ಅವ್ವ ಅಲ್ಲಿ ಅಡುಗೆಯವಳು. ಎಲ್ಲರದೂ ಮುಗಿದ ಮೇಲೆ ಹಿತ್ತಲಲ್ಲಿ ನಿಂತೇ ಉಣ್ಣುತ್ತಿದ್ದಳು.

ಒಂದು ಸಲ, ನಾನು ಶಾಲೆಗೆ ಹೋಗುತ್ತಿದ್ದಾಗ, ಕೆನಡಾದಿಂದ ಬಂದಿದ್ದವರು ಥ್ಯಾಂಕ್ಸ್‌ಗಿವಿಂಗ್ ಎಂಬ ತಮ್ಮ ಸುಗ್ಗಿಹಬ್ಬ ಮಾಡಿದರು. ಚಕ್ಕೆಪುಡಿ ಹಾಕಿದ ಕುಂಬಳದ ಸಿಹಿ ತಾವೇ ಮಾಡಿ, ಅವ್ವನನ್ನೂ ನನ್ನನ್ನೂ ಮೇಜಿಗೆ ಕೂರಿಸಿಕೊಂಡರು. ತಾನು ಯಾವುದಕ್ಕೆ ಕೃತಜ್ಞ ಎಂದು ಪ್ರತಿಯೊಬ್ಬರೂ ಹೇಳಬೇಕು, ಅದು ಅವರ ಪದ್ಧತಿ. ಅವ್ವನ ಸರದಿ ಬಂತು.

"ಹೇಳವಾ, ನಾಚ್ಕಿ ಬ್ಯಾಡ," ಎಂದರು ಸಾಹುಕಾರರು.

"ಏಳು ವರ್ಷದಾಗ ಇವತ್ತ ಮೊದ್ಲ ಸಲ ಇಲ್ಲಿ ಕುಂತು ಉಣ್ಣಾಕತ್ತೀನ್ರಿ. ಅದೂ ಇವ್ರು ಕರದ್ರಂತ."

ಸಾಹುಕಾರರು ನಕ್ಕು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು: "ಇಲ್ಲಿ ನನ್ನನ್ನು ಮನೆಯವಳಂತೆ ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದಾಳೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಇಂಗ್ಲಿಷು ನನಗೆ ತಿಳಿಯುತ್ತಿತ್ತು. ಸಿಹಿ ಇನ್ನೂ ತಟ್ಟೆಯಲ್ಲಿತ್ತು. ನಾನೂ ತಟ್ಟಿದೆ.

ಇಂದು ಅವ್ವ ಮೊಮ್ಮಗಳಿಗೆ ಹೇಳುತ್ತಿದ್ದಳು: "ಸಾವ್ಕಾರ್ರ ಎದುರಿಗೇ ಖರೇ ಹೇಳ್ದೆ. ಆ ಮಂದಿ ಚಪ್ಪಾಳಿ ಹೊಡದ್ರು!"

"ಆಗ ಸಾವ್ಕಾರ್ರು ಏನಂದ್ರು, ಅಜ್ಜಿ?"

"ಏನಂತಾರ? ಅವ್ರ ಬಾಯಿ ಕಟ್ತು. ನಿಮ್ಮವ್ವನ್ನ ಕೇಳು, ಅಲ್ಲೇ ಇದ್ಲು."

ನಾನು ಹೌದೆಂದೆ.