ತತ್ತಿ ಸಾರಿನ ಬೋಸಿ

ಕೆರೆಯ ಮೀನನ್ನು ಯಾರೂ ಕದ್ದಿರಲಿಲ್ಲ. ತತ್ತಿ ಇಡುವುದಕ್ಕೆ ಅವು ತಾವಾಗಿಯೇ ಎದ್ದು ಹೋಗಿದ್ದವು. ನಡೆದದ್ದು ಇಷ್ಟೇ. ಇಷ್ಟಕ್ಕೇ ನನ್ನ ಮಗನಿಗೂ ಅಳಿಯನಿಗೂ ಮಾತು ಬಿಟ್ಟುಹೋಗಿ, ಮಗಳು ನನ್ನ ಬಾಗಿಲಿಗೆ ಬರುವುದು ನಿಂತಿತ್ತು.

ನಮ್ಮದು ಅರಕಲಗೂಡಿನಿಂದ ಹೊಳೆನರಸೀಪುರದ ಕಡೆ ಹೋಗುವಾಗ ಸಿಗುವ ಊರು. ಊರ ಕೆರೆಯಲ್ಲಿ ಮೀನು ಸಾಕುವವನು ನನ್ನ ಮಗ. ವರ್ಷಾ ವರ್ಷ ಪ್ಲಾಸ್ಟಿಕ್ ಚೀಲದಲ್ಲಿ ಮರಿ ತಂದು ಬಿಡುತ್ತಾನೆ. ಮಗಳನ್ನು ದೂರಕ್ಕೇನೂ ಕೊಟ್ಟಿಲ್ಲ, ಕೆರೆಯ ಮೇಲಿನ ಊರಿಗೇ ಕೊಟ್ಟಿದ್ದೇವೆ. ಕೆರೆಗೆ ನೀರು ತರುವ ಹಳ್ಳ ಅಳಿಯನ ಗದ್ದೆಯ ಪಕ್ಕದಲ್ಲೇ ಇಳಿದು ಬರುತ್ತದೆ. ಬಹಳ ವರ್ಷ ಅವನು ಅಲ್ಲಿ ಶುಂಠಿ ಹಾಕುತ್ತಿದ್ದ. ಶುಂಠಿಯ ಬುಡದಲ್ಲಿ ನೀರು ನಿಲ್ಲಬಾರದು ನೋಡಿ, ಹಳ್ಳದ ಕಡೆಗೆ ಎತ್ತರಕ್ಕೆ ಮಣ್ಣಿನ ಒಡ್ಡು ಹಾಕಿಕೊಂಡಿದ್ದ. ಶುಂಠಿ ಮತ್ತೆ ಮತ್ತೆ ಕೊಳೆತು ಕೈಕೊಟ್ಟಾಗ ಸಾಕಪ್ಪ ಅಂತ ಈ ವರ್ಷ ಭತ್ತಕ್ಕೆ ತಿರುಗಿದ. ಒಡ್ಡು ಒಡೆದು ಹಳ್ಳದ ನೀರನ್ನು ಗದ್ದೆಗೆ ಬಿಟ್ಟುಕೊಂಡ. ಸುಡುವ ಬಿಸಿಲಿನ ಹಿಂದೆಯೇ ಒಂದು ದೊಡ್ಡ ಮಳೆ ಬಂತು. ಹಳ್ಳ ಕೆಂಪಗೆ ತುಂಬಿ ಹರಿಯಿತು.

ಮಳೆ ನಿಂತ ಮೇಲೆ ಮಗ ಬಲೆ ಬಿಟ್ಟ. ಬಂದದ್ದೆಲ್ಲ ಪುಡಿ ಮೀನು, ದಪ್ಪ ಗೆಂಡೆ ಮೀನು ಒಂದೂ ಇಲ್ಲ. ಕೆರೆ ಕೋಡಿ ಬಿದ್ದಿರಲಿಲ್ಲ, ಹಾಗಾಗಿ ಕೆಳಗೆ ಕೊಚ್ಚಿಹೋದವು ಅನ್ನುವ ಹಾಗೂ ಇಲ್ಲ. ಅದೇ ಮಧ್ಯಾಹ್ನ ಮಗಳು ಸ್ಟೀಲಿನ ಬೋಸಿಯಲ್ಲಿ ಮೀನಿನ ತತ್ತಿ ಸಾರು ತಂದುಕೊಟ್ಟು ಹೋದಳು. ನನಗೆ ಮೀನಿಗಿಂತ ಅದರ ತತ್ತಿ ಇಷ್ಟ ಅಂತ ಅವಳಿಗೆ ಗೊತ್ತು. ಮಗ ಊಟಕ್ಕೆ ಬಂದವನು ಮುಚ್ಚಳ ತೆಗೆದು ನೋಡಿದ.

"ಇಷ್ಟ್ ದಪ್ಪ ತತ್ತಿ ಎಲ್ಲಿಂದ ಬಂತವ್ವ?"

"ನಿಮ್ಮಕ್ಕ ತಂದ್ಕೊಟ್ಳು. ಅವರ ಗದ್ದೇಲಿ ಮೀನು ಸಿಕ್ತಂತೆ."

"ಗದ್ದೇಲಿ ಸಿಕ್ಕಕೆ ಮೀನೇನ್ ಏಡಿನಾ? ಬಾವ ಒಡ್ಡು ಯಾಕ್ ಒಡ್ದ ಅಂತ ಈಗ ಗೊತ್ತಾಯ್ತು ಕಣವ್ವ. ನನ್ ಕೆರೆಗೇ ಕೈ ಆಕವ್ನೆ."

ಅಷ್ಟಕ್ಕೆ ಸುಮ್ಮನಾಗಲಿಲ್ಲ. ಗದ್ದೆಯ ಹತ್ತಿರ ಹೋಗಿ ನಾಲ್ಕು ಜನರ ಎದುರಿಗೆ ಭಾವನನ್ನು ಕಳ್ಳ ಅಂದು ಬಂದ. ಅಳಿಯ ಹೆಚ್ಚು ಮಾತಿನವನಲ್ಲ. "ಇನ್ಮೇಲೆ ತಮ್ಮನ್ ಮನೆ ಅಂತ ಆ ಕಡೆ ಓಗ್ಬೇಡ" ಅಂತ ಹೆಂಡತಿಗೆ ಹೇಳಿದನಂತೆ. ಅವಳು ಬರಲಿಲ್ಲ. ಫೋನೂ ಮಾಡಲಿಲ್ಲ. ಗದ್ದೆಯಲ್ಲಿ ಮೀನು ಸಿಕ್ಕಿತು ಅಂದರೆ ನಾನೂ ನಂಬಲಿಲ್ಲ. ಆದರೆ ಕದ್ದ ಮೀನಿನ ಸಾರನ್ನು ಯಾರಾದರೂ ಮೀನು ಕಳೆದುಕೊಂಡವನ ಮನೆಗೇ ತಂದುಕೊಡುತ್ತಾರೆಯೇ?

ಬೋಸಿ ನನ್ನ ಹತ್ತಿರವೇ ಉಳಿಯಿತು. "ಅದನ್ನ ಬರೀದೇ ಕಳ್ಸು, ಅವ್ರಿಗೂ ಗೊತ್ತಾಗ್ಲಿ" ಅಂದ ಮಗ. ಇನ್ನೊಂದು ಮನೆಯಿಂದ ಬಂದ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ಕಳಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತೇವೆ. ಬರಿದು ಕಳಿಸಿದರೆ ಆ ಮನೆಯ ಜೊತೆ ಕೊಡುವುದು ತರುವುದು ಮುಗಿಯಿತು ಅಂತ. ತುಂಬಿ ಕಳಿಸಿದರೆ ಮಗ ಅನ್ನ ಬಿಟ್ಟು ಕೂರುವವನು.

"ನಾನ್ ಕಳ್ಸಾಕಿಲ್ಲ. ಬೇಕಾದ್ರೆ ನೀನೇ ಒತ್ಕಂಡೋಗಿ ಅವರ ಜಗಲಿ ಮೇಲೆ ಎಸ್ದು ಬಾ" ಅಂದೆ.

ಅವನು ಎಸೆಯಲಿಲ್ಲ. ನಾನು ಕಳಿಸಲಿಲ್ಲ. ಬೋಸಿ ಒಲೆಯ ಮೇಲಿನ ಹಲಗೆಯಲ್ಲಿ ಕವುಚಿಕೊಂಡು ಕೂತಿತ್ತು. ದಿನಾ ಅಡುಗೆ ಮಾಡುವಾಗ ಕಣ್ಣಿಗೆ ಬೀಳುತ್ತಿತ್ತು.

ಆ ವಾರ ಕಣ್ಣು ತೋರಿಸಲು ಹಾಸನಕ್ಕೆ ಹೋಗಿದ್ದೆ. ಬರುವಾಗ ಮೀನಿನ ಮಾರ್ಕೆಟ್ಟಿಗೆ ಹೋದೆ. ಸಮುದ್ರದ ಮೀನು ಮಾರುವ ಮಂಗಳೂರು ಕಡೆಯ ಹೆಂಗಸೊಬ್ಬಳು ನನಗೆ ಪರಿಚಯ. ಅವಳ ಮುಂದೆ ಒಣಮೀನು ಬಿಟ್ಟು ಏನೂ ಇರಲಿಲ್ಲ.

"ಬಂಗುಡೆ ಇಲ್ವೇನವ್ವ?"

"ಈಗ ಎಲ್ಲಿಂದ ಅಮ್ಮ? ಬೋಟು ಕಡಲಿಗೆ ಇಳಿಯುದಿಲ್ಲ. ಮೀನು ಮೊಟ್ಟೆ ಇಡುವ ಸಮಯ ಅಲ್ವಾ."

"ಅಷ್ಟ್ ದೊಡ್ ಸಮುದ್ರದಲ್ಲಿ ಎಲ್ಲೋ ಒಂದ್ ಕಡೆ ಇಟ್ಕತವೆ. ಬೋಟು ಓದ್ರೆ ಅವ್ಕೇನು?"

ಅವಳು ನಕ್ಕಳು. "ಎಲ್ಲಾ ಮೀನು ಆಳದಲ್ಲಿ ಇಡುದಿಲ್ಲ ಅಮ್ಮ. ಕೆಲವು ದಡದ ಹತ್ರವೇ ಬರ್ತವೆ. ಹೊಳೆ ಕಡಲಿಗೆ ಸೇರುವಲ್ಲಿ ಅಳಿವೆ ಉಂಟಲ್ಲ, ಮಳೆಗೆ ಹೊಳೆ ಕೆಂಪಾಗಿ ಇಳಿದ್ರೆ ಅಲ್ಲಿಗೆ ಬರುದು. ಉಪ್ಪೂ ಅಲ್ಲ, ಸಪ್ಪೆಯೂ ಅಲ್ಲ, ಅಂಥ ನೀರು. ಗಿಡದ ಬೇರು, ಹುಲ್ಲು. ಮರಿಗೆ ತಿನ್ಲಿಕ್ಕೂ ಉಂಟು, ಅಡಗ್ಲಿಕ್ಕೂ ಉಂಟು. ಆ ಗಿಡ ಕಡಿದು ಮಣ್ಣು ತುಂಬಿಸಿದ ಕಡೆ ಈಗ ಒಂದೂ ಬರುದಿಲ್ಲ."

ಬಸ್ಸಿನಲ್ಲಿ ಕೂತ ಮೇಲೂ ಅದೇ ಯೋಚನೆ. ಕೆಂಪು ನೀರು, ಹುಲ್ಲು, ಹತ್ತುವುದಕ್ಕೆ ದಾರಿ. ಅಷ್ಟು ದೊಡ್ಡ ಕಡಲಿನ ಮೀನೇ ದಡ ಹುಡುಕಿಕೊಂಡು ಬರುವುದಾದರೆ ನಮ್ಮ ಕೆರೆಯ ಗೆಂಡೆ ಹಳ್ಳ ಹತ್ತಿ, ಒಡ್ಡು ಒಡೆದ ಗದ್ದೆಗೆ ಯಾಕೆ ಹೋಗಬಾರದು? ನಮ್ಮೂರಿನಲ್ಲಿ ಇಳಿಯದೆ ಮೇಲಿನ ಊರಿನಲ್ಲಿ ಇಳಿದು, ಮಗಳ ಮನೆಯ ಕಡೆ ತಿರುಗದೆ ನೆಟ್ಟಗೆ ಗದ್ದೆಗೆ ಹೋದೆ.

ಹೊತ್ತು ಇನ್ನೂ ಇತ್ತು. ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಉಳುಮೆ ಆಗಿರಲಿಲ್ಲ. ಗರಿಕೆ ಮುಳುಗಿ, ಮೊಣಕಾಲಿನವರೆಗೂ ನೀರು ನಿಂತು ಬಿಸಿಲಿಗೆ ಬೆಚ್ಚಗಾಗಿತ್ತು. ಹುಲ್ಲಿನ ಸಂದಿಯಲ್ಲಿ ಏನೋ ಸಣ್ಣದಾಗಿ ಮಿಸುಕಾಡಿತು. ಸೆರಗಿನಲ್ಲಿ ಮೊಗೆದು ನೋಡಿದೆ. ಮೀನಿನ ಮರಿ, ಮುರಿದ ಸೂಜಿಯ ತುದಿಯಷ್ಟಷ್ಟೇ. ಕಣ್ಣು ಕಾಣುವುದಿಲ್ಲ ಅಂತ ಆಸ್ಪತ್ರೆಗೆ ಹೋಗಿ ಬಂದವಳಿಗೇ ಕಂಡವು. ಬದುವಿನ ಹತ್ತಿರ ದಪ್ಪ ಗೆಂಡೆಯೊಂದು ಬೆನ್ನು ತೋರಿಸಿ, ನನ್ನ ಮುಖಕ್ಕೆ ನೀರು ಎರಚಿ ಹೋಯಿತು.

ನಮ್ಮ ಮನೆಗೆ ಹೋಗಿ ಮಗನನ್ನು ಹೊರಡಿಸಿಕೊಂಡು ಬಂದೆ. "ಬಾ ಅಂದ್ರೆ ಬಾ. ಕಳ್ಳನ್ನ ತೋರುಸ್ತೀನಿ."

ನಾವು ಬಂದದ್ದು ನೋಡಿ ಅಳಿಯನೂ ಮಗಳೂ ಬಂದು ಬದುವಿನ ಮೇಲೆ ನಿಂತರು. ಮಗ ಬಗ್ಗಿ ಬೊಗಸೆಯಲ್ಲಿ ನೀರು ಎತ್ತಿದ. ನೋಡಿ ಚೆಲ್ಲಿದ, ಮತ್ತೆ ಎತ್ತಿದ.

"ನಾನ್ ತಂದ್ ಬುಡೋ ಮರಿ ಇಷ್ಟ್ ಸಣ್ಣಕಿರಾಕಿಲ್ಲ" ಅಂದ. "ಇವು ಇಲ್ಲೇ ಉಟ್ಟಿರವು."

"ನಿನ್ ಕೆರೇಲಿ ಬಾಣಂತನ ಮಾಡೋರಿಲ್ಲ ಅಂತ ನಮ್ತಾವ್ ಬಂದವೆ ಕಣಪ್ಪ" ಅಂದ ಅಳಿಯ.

ಮಗ ತಲೆ ಎತ್ತಲಿಲ್ಲ. "ತಪ್ಪಾಯ್ತು ಬಾವ. ನೀವು ಉಳೋದ್ ಯಾವಾಗ?"

"ನಾಳೀಕೆ ಟಿಲ್ಲರ್ ಏಳಿದ್ದೆ. ಬ್ಯಾಡ ಅಂತೀನಿ ಬುಡು. ಮರಿ ಒಸಿ ಬಲ್ತು ಕೆರೆಗಿಳೀಲಿ. ಬತ್ತದ ಸಸಿ ಒಟ್ಲು ಮಡೀಲೇ ಇನ್ನೊಸಿ ದಿನ ಇದ್ರೆ ಏನೂ ಆಗಾಕಿಲ್ಲ."

ಮಗಳು ನನ್ನ ಕಡೆ ತಿರುಗಿದಳು. "ಸಾರು ಎಂಗಿತ್ತವ್ವ?"

"ಉಪ್ಪು ಜಾಸ್ತಿ ಆಗಿತ್ತು" ಅಂದೆ.

ನಕ್ಕಳು. ಅವಳು ನಕ್ಕದ್ದು ನೋಡಿ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಕೆರೆಯಲ್ಲಿ ಎಷ್ಟು ನೀರಿದ್ದರೇನು, ತತ್ತಿಗೆ ಬೇಕಾದದ್ದು ಹುಲ್ಲು ಮುಳುಗುವಷ್ಟು ಬೆಚ್ಚಗಿನ ನೀರು. ಅದು ನಿಲ್ಲುವ ಜಾಗ ಇಷ್ಟು ವರ್ಷವೂ ಒಡ್ಡಿನ ಆಚೆಗೇ ಇತ್ತು. ಒಡ್ಡು ಒಡೆದದ್ದರಿಂದಲೇ ಮೀನು ಹೋದವು ಅಂತ ಮಗ ಹೇಳಿದ್ದು ಸುಳ್ಳಲ್ಲ. ಹೊತ್ತುಕೊಂಡು ಹೋದರು ಅಂದದ್ದು ಮಾತ್ರ ಸುಳ್ಳು.

ಮಾರನೆಯ ಬೆಳಿಗ್ಗೆ ಹಿತ್ತಲಿನ ಹಲಸಿನ ಹಣ್ಣು ಕೊಯ್ಯಿಸಿ, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿದೆ. ಮುಚ್ಚಳ ಕೂರದಷ್ಟು ಬೋಸಿಗೆ ತುಂಬಿ, ಮಗನ ಬೈಕಿನ ಹಿಂದೆ ಕೂತು ಹೋಗಿ, ಮಗಳ ಕೈಗೆ ಕೊಟ್ಟು ಬಂದೆ.